ಬೀಗದ ಕೈಯಲ್ಲಿ ಗೀರಿ ನೋಡಿದ ಕಲ್ಲು

ಅಮೆರಿಕದ ಕಾನ್ಸಾಸ್ ರಾಜ್ಯದಲ್ಲಿ ಹಳೇ ಕಟ್ಟಡ ರಿಪೇರಿ ಮಾಡುವ ಆಫೀಸಿಗೆ ಸೇರಿದ ಹೊಸತು. ಚಿಕ್ಕ ಊರೊಂದರ ಕಲ್ಲು ಕಟ್ಟಡದಲ್ಲಿ ಸಂದಿನ ಗಾರೆ ಉದುರಿತ್ತು. ಎಸ್ಟಿಮೇಟ್‌ನಲ್ಲಿ ಸಿಮೆಂಟ್ ಪಾಯಿಂಟಿಂಗ್, ಅಂದರೆ ಸಂದಿಗೆ ಸಿಮೆಂಟ್ ತುಂಬೋದು, ಅಂತ ಬರೆದುಬಿಟ್ಟೆ. ನಾನು ಕೋಲಾರದ ಕಡೆಯವನು. ಗಟ್ಟಿಯಾದಷ್ಟೂ ಒಳ್ಳೇದು ಅಲ್ವಾ?

ಮೇಸ್ತ್ರಿ ವಾದ ಮಾಡಲಿಲ್ಲ. ಜೇಬಿನಿಂದ ಬೀಗದ ಕೈ ತೆಗೆದು ಕಲ್ಲಿನ ಮೇಲೆ ಗೀರಿದರು. ಹಳದಿ ಪುಡಿ ಉದುರಿತು. ನಮ್ಮೂರ ಗ್ರಾನೈಟಾಗಿದ್ದರೆ ಬೀಗದ ಕೈಯೇ ಸವೆಯುತ್ತಿತ್ತು. "ರಜೆ ದಿನ ವಿಲ್ಸನ್‌ಗೆ ಹೋಗಿ ಬಾ" ಅಂದರು.

ವಿಲ್ಸನ್ ಸಾವಿರ ಜನವೂ ಇಲ್ಲದ ಊರು. ಚೆಕ್ ವಲಸಿಗರು ಬಂದು ನೆಲೆಸಿದ್ದ ಜಾಗ. ಯೂನಿಯನ್ ಪೆಸಿಫಿಕ್ ರೈಲು ದಾರಿಯ ಹತ್ತಿರವೇ ಮಿಡ್‌ಲ್ಯಾಂಡ್ ಹೋಟೆಲ್. 1899ರಲ್ಲಿ ಆ ಸೀಮೆಯ ಸುಣ್ಣದಕಲ್ಲಿನಲ್ಲೇ ಕಟ್ಟಿದ್ದು. 1902ರಲ್ಲಿ ಬೆಂಕಿ ಬಿದ್ದು ಒಳಗೆಲ್ಲ ಸುಟ್ಟಿತು, ಮತ್ತೆ ಕಟ್ಟಿಕೊಂಡರು. ಕಾರು, ಹೆದ್ದಾರಿ ಬಂದ ಮೇಲೆ ರೈಲಿಳಿದು ಬರುವ ಗಿರಾಕಿಗಳು ಕಮ್ಮಿಯಾದರು. ದುರಸ್ತಿಯಾಗಿ ಮತ್ತೆ ಬಾಗಿಲು ತೆರೆದದ್ದು 2003ರಲ್ಲಿ.

ನನಗೆ ಹೋಟೆಲಿಗಿಂತ ಜಾಸ್ತಿ ಪಾಠ ಹೇಳಿದ್ದು ದಾರಿ. ಆ ಹುಲ್ಲುಗಾವಲಲ್ಲಿ ಮರ ಅಪರೂಪ. ಹಾಗಾಗಿ ರೈತರು ಬೇಲಿಗೂ ಕಲ್ಲನ್ನೇ ನೆಟ್ಟಿದ್ದಾರೆ, ಥೇಟ್ ನಮ್ಮ ಕಲ್ಲುಕೂಚ! ಸಾಲಾಗಿ ತೂತು ಕೊರೆದು, ಬೆಣೆ ಬಡಿದು ಸೀಳುವುದೂ ನಮ್ಮ ಹಾಗೇ. ಆದರೆ ಈ ಕಲ್ಲು ನೆಲದಿಂದ ತೆಗೆದಾಗ ಮೆತ್ತಗಿರುತ್ತದೆ. ಗಾಳಿಗೆ ಒಣಗಿ ಗಟ್ಟಿಯಾಗುತ್ತದೆ, ಅದೂ ಒಂದು ಮಟ್ಟಕ್ಕೆ.

ಒಂದು ಪಾಳು ಕೊಟ್ಟಿಗೆಯ ಹತ್ತಿರ ಕಾರು ನಿಲ್ಲಿಸಿದೆ. ಯಾರೋ ಸಂದಿಗೆಲ್ಲ ಸಿಮೆಂಟ್ ತುಂಬಿದ್ದರು. ಸಿಮೆಂಟ್ ಹಾಗೇ ಇತ್ತು. ಕಲ್ಲು ಮಾತ್ರ ಒಳಗೊಳಗೇ ತಿಂದುಹೋಗಿ, ಗೋಡೆ ಖಾಲಿ ಜೇನುಗೂಡಿನ ಹಾಗೆ ಕಾಣುತ್ತಿತ್ತು. ಗೋಡೆಯ ನೀರು ಸುಣ್ಣದ ಗಾರೆಯಲ್ಲಾದರೆ ಸಂದಿನಿಂದ ಆರಿಹೋಗುತ್ತದೆ. ಸಿಮೆಂಟ್ ಅಡ್ಡ ನಿಂತರೆ ಕಲ್ಲಿಗೇ ಇಳಿಯುತ್ತದೆ. ಚಳಿಗಾಲದಲ್ಲಿ ಅದೇ ನೀರು ಮಂಜುಗಡ್ಡೆಯಾಗಿ ಉಬ್ಬುತ್ತದೆ, ಕಲ್ಲಿನ ಮುಖ ಚಕ್ಕೆ ಚಕ್ಕೆಯಾಗಿ ಏಳುತ್ತದೆ. ಗಾರೆ ಸವೆದರೆ ಮತ್ತೆ ತುಂಬಬಹುದು. ನೂರು ವರ್ಷದ ಕಲ್ಲನ್ನು ಎಲ್ಲಿಂದ ತರೋದು? ಕಾಲೇಜಿನಲ್ಲಿ ನನಗೆ ಯಾರೂ ಇದನ್ನು ಹೇಳಿರಲಿಲ್ಲ. ಸುಮ್ನೆ ಅವರ ಮೇಲೆ ಯಾಕೆ ಹಾಕಲಿ, ನಾನೂ ಕೇಳಿರಲಿಲ್ಲ.

ಸೋಮವಾರ ಎಸ್ಟಿಮೇಟ್ ತಿದ್ದಿ, ಸುಣ್ಣದ ಗಾರೆ ಅಂತ ಬರೆದೆ. ಖರ್ಚೂ ಜಾಸ್ತಿ, ದಿನವೂ ಜಾಸ್ತಿ. ಮಾಲೀಕರು ಮುಖ ಸಿಂಡರಿಸಿದರು. ಅವರನ್ನು ಗೋಡೆಯ ಹತ್ತಿರ ಕರೆದುಕೊಂಡು ಹೋಗಿ, ನನ್ನ ಮನೆ ಬೀಗದ ಕೈಯನ್ನೇ ಅವರ ಕೈಗೆ ಕೊಟ್ಟೆ.