ಅಷ್ಟು ಕೆಟ್ಟದಾಗಿ ಬರೆದ ಪುಸ್ತಕ ಅಷ್ಟೊಂದು ಮಾರಾಟ ಆಗಿದ್ದು ಹೇಗೆ?

ಕನ್ನಡ ಪುಸ್ತಕಗಳ ಕರಡು ತಿದ್ದುವುದು ನನ್ನ ಕೆಲಸ. ಹಾಗಾಗಿ ಈ ಪ್ರಶ್ನೆಯನ್ನು ನನಗೆ ಕೇಳುವವರು ಹೆಚ್ಚಾಗಿ ಬರೆಯುವವರೇ. ಸ್ವಲ್ಪ ಹೊಟ್ಟೆಯುರಿಯೂ ಜೊತೆಗಿರುತ್ತದೆ. “ಮೇಡಂ, ನಾವು ಒಂದೊಂದು ವಾಕ್ಯ ತಿದ್ದಿ ತೀಡಿ ಬರೀತೀವಿ. ಸಾವಿರ ಪ್ರತಿ ಖರ್ಚಾಗೋಕೆ ವರ್ಷಗಟ್ಟಲೆ ಬೇಕು. ಆ ಫಿಫ್ಟಿ ಶೇಡ್ಸ್ ಥರದ್ದು ಕೋಟಿಗಟ್ಟಲೆ ಹೋಗುತ್ತಲ್ಲ, ಯಾಕೆ?” ಕೇಳುವಾಗಲೇ ಅವರ ಹತ್ತಿರ ಉತ್ತರವೂ ಸಿದ್ಧ ಇರುತ್ತದೆ. ಒಂದು, ಅದರಲ್ಲಿ ಸೆಕ್ಸ್ ಇದೆ. ಎರಡು, ಜನಕ್ಕೆ ರುಚಿ ಇಲ್ಲ.

ನನಗೆ ಎರಡೂ ಒಪ್ಪಿಗೆ ಆಗುವುದಿಲ್ಲ. ‘ಫಿಫ್ಟಿ ಶೇಡ್ಸ್ ಆಫ್ ಗ್ರೇ’ ಅನ್ನುವ ಆ ಇಂಗ್ಲಿಷ್ ಪ್ರಣಯ ಕಾದಂಬರಿ ಬಂದದ್ದು 2011ರಲ್ಲಿ. ಆಗಲೇ ಇಂಟರ್‌ನೆಟ್ಟಿನಲ್ಲಿ ಇಂಥ ಬರಹ ಬೇಕಾದಷ್ಟಿತ್ತು, ಅದೂ ಪುಕ್ಕಟೆ. ಬರೀ ಸೆಕ್ಸ್ ಬೇಕಿದ್ದವರು ದುಡ್ಡು ಕೊಟ್ಟು ಐನೂರು ಪುಟದ ಪುಸ್ತಕ ಯಾಕೆ ಕೊಳ್ಳಬೇಕು? ಇನ್ನು ರುಚಿಯ ಮಾತು. ಕೆಟ್ಟದಾಗಿ ಬರೆದ ಪ್ರಣಯ ಕಾದಂಬರಿಗಳು ಪ್ರತಿ ವರ್ಷ ರಾಶಿ ರಾಶಿ ಬರುತ್ತವೆ. ಅವುಗಳಲ್ಲಿ ಮುಕ್ಕಾಲು ಪಾಲನ್ನು ಇದೇ ಜನ ಮೂಸಿಯೂ ನೋಡುವುದಿಲ್ಲ. ರುಚಿ ಇಲ್ಲದವರು ಅಷ್ಟೊಂದು ಆರಿಸಿ ತಿನ್ನುತ್ತಾರಾ?

ಆ ಪುಸ್ತಕ ಹುಟ್ಟಿದ ರೀತಿಯಲ್ಲೇ ಅರ್ಧ ಉತ್ತರ ಇದೆ. ಬರೆದವರು ಲಂಡನ್ನಿನಲ್ಲಿ ಟೀವಿ ಕಾರ್ಯಕ್ರಮಗಳ ತಯಾರಿಕೆಯಲ್ಲಿ ಕೆಲಸ ಮಾಡುತ್ತಿದ್ದ, ಇಬ್ಬರು ಮಕ್ಕಳ ತಾಯಿ. ಇ. ಎಲ್. ಜೇಮ್ಸ್ ಅನ್ನುವುದು ಪುಸ್ತಕಕ್ಕೆ ಇಟ್ಟುಕೊಂಡ ಹೆಸರು. ಅದಕ್ಕೂ ಮೊದಲು ಸ್ನೋಕ್ವೀನ್ಸ್ ಐಸ್‌ಡ್ರ್ಯಾಗನ್ ಎಂಬ ವಿಚಿತ್ರ ಹೆಸರಿನಲ್ಲಿ ಆಕೆ ಫ್ಯಾನ್ ಫಿಕ್ಷನ್ ಬರೆಯುತ್ತಿದ್ದರು. ಅಂದರೆ ಬೇರೆಯವರ ಕಾದಂಬರಿಯ ಪಾತ್ರಗಳನ್ನು ಎತ್ತಿಕೊಂಡು ಅಭಿಮಾನಿಗಳು ತಮ್ಮ ಖುಷಿಗೆ ಬರೆಯುವ ಕಥೆ. ಆಕೆ ಎತ್ತಿಕೊಂಡದ್ದು ಸ್ಟೆಫನಿ ಮೇಯರ್ ಅವರ ‘ಟ್ವೈಲೈಟ್’ ಸರಣಿಯ ಜೋಡಿಯನ್ನು. 2005ರಿಂದ 2008ರವರೆಗೆ ನಾಲ್ಕು ದಪ್ಪ ದಪ್ಪ ಪುಸ್ತಕ ಬಂದಿದ್ದವು. ಹುಡುಗ ರಕ್ತ ಹೀರುವ ವ್ಯಾಂಪೈರ್, ಹುಡುಗಿ ಮನುಷ್ಯಳು. ಹತ್ತಿರ ಬಂದರೆ ಎಲ್ಲಿ ಅವಳ ಪ್ರಾಣಕ್ಕೇ ಕುತ್ತಾಗುತ್ತೋ ಅಂತ ಅವನು ತಡೆದುಕೊಳ್ಳುತ್ತಲೇ ಇರುತ್ತಾನೆ. ಮದುವೆ ಆಗುವುದು ನಾಲ್ಕನೇ ಪುಸ್ತಕದಲ್ಲಿ. ಆಗಲೂ ಕೋಣೆಯ ಬಾಗಿಲು ಓದುಗರ ಮುಖದ ಮೇಲೇ ಮುಚ್ಚಿಕೊಳ್ಳುತ್ತದೆ!

ಸಾವಿರಾರು ಪುಟ ಕಾಯಿಸಿ ಹೀಗೆ ಮಾಡಿದರೆ ಓದುಗರಿಗೆ ಏನನ್ನಿಸಬೇಡ? ಆ ಬಾಗಿಲ ಹೊರಗೆ ಲಕ್ಷಗಟ್ಟಲೆ ಹೆಂಗಸರು ನಿಂತಿದ್ದರು. ಜೇಮ್ಸ್ ಬಾಗಿಲು ತೆರೆದರು, ಅಷ್ಟೇ. ವ್ಯಾಂಪೈರ್ ಹೋಗಿ ಇಪ್ಪತ್ತೇಳರ ವಯಸ್ಸಿಗೇ ಕೋಟ್ಯಧಿಪತಿಯಾದ ಹುಡುಗ ಬಂದ. ಅಪಾಯ ಅವನ ಹಲ್ಲಿನಲ್ಲಿ ಇರುವ ಬದಲು ಅವನ ಹಾಸಿಗೆಯ ನಿಯಮಗಳಲ್ಲಿ ಬಂತು. ಆಮೇಲೆ ಪಾತ್ರಗಳ ಹೆಸರು ಬದಲಾಯಿಸಿ, ಆಸ್ಟ್ರೇಲಿಯಾದ ಒಂದು ಪುಟ್ಟ ಪ್ರಕಾಶನದಿಂದ ಇ-ಬುಕ್ಕಾಗಿ, ಬೇಡಿಕೆ ಬಂದಷ್ಟೇ ಮುದ್ರಿಸುವ ಪುಸ್ತಕವಾಗಿ ಹೊರಬಂತು. 2012ರಲ್ಲಿ ದೊಡ್ಡ ಪ್ರಕಾಶನ ರ‍್ಯಾಂಡಮ್ ಹೌಸ್‌ಗೆ ಸೇರಿದ ವಿಂಟೇಜ್ ಅದರ ಹಕ್ಕು ಕೊಂಡಿತು. 2014ರ ಹೊತ್ತಿಗೆ ಮೂರು ಭಾಗ ಸೇರಿ 10 ಕೋಟಿ ಪ್ರತಿ ದಾಟಿತ್ತು.

ಇಲ್ಲಿ ಗಮನಿಸಬೇಕಾದ್ದು, ಅದು ಮೊದಲು ಇಂಟರ್‌ನೆಟ್ಟಿನಲ್ಲಿ ಒಂದೊಂದೇ ಅಧ್ಯಾಯವಾಗಿ ಓದುಗರ ಎದುರಿಗೇ ಬಂದದ್ದು. ಇವತ್ತು ಒಂದು ಅಧ್ಯಾಯ ಹಾಕಿದರೆ ಸ್ವಲ್ಪ ಹೊತ್ತಿಗೇ ಪ್ರತಿಕ್ರಿಯೆ ಶುರು. ಎಲ್ಲಿ ಉಸಿರು ಬಿಗಿ ಹಿಡಿದರು, ಎಲ್ಲಿ ಬೋರಾಯಿತು, ಯಾವ ಮಾತಿಗೆ ನಕ್ಕರು, ಎಲ್ಲಾ ಗೊತ್ತಾಗುತ್ತದೆ. ಮದುವೆ ಮನೆಯಲ್ಲಿ ಬಡಿಸುವವನಿಗೆ ಯಾರ ಎಲೆಯಲ್ಲಿ ಏನು ಖಾಲಿಯಾಯಿತು ಅಂತ ಕಣ್ಣಿಗೇ ಕಾಣುತ್ತಲ್ಲ, ಹಾಗೆ. ಕೋಣೆಯ ಬಾಗಿಲು ಹಾಕಿಕೊಂಡು ಮೂರು ವರ್ಷ ಬರೆದು, ಬೆನ್ನುಡಿ ಬರೆಸಿ, ಬಿಡುಗಡೆ ಮಾಡಿಸುವ ನಮ್ಮ ಲೇಖಕರಿಗೆ ಈ ಅನುಕೂಲ ಇಲ್ಲ. ಅವರ ಮೊದಲ ಓದುಗಿ ಎಷ್ಟೋ ಸಲ ನಾನೇ. ನಾನು ಓದುವುದು ಸಂಬಳಕ್ಕೆ. ಬೋರಾದರೂ ಮುಂದಿನ ಪುಟ ತಿರುಗಿಸುತ್ತೇನೆ.

ಕನ್ನಡದಲ್ಲಿ ಇದನ್ನು ನೋಡಬೇಕಾದರೆ, ಯಾರು ಬೇಕಾದರೂ ಕಥೆ ಬರೆದು ಹಾಕಬಹುದಾದ ಪ್ರತಿಲಿಪಿ ಆ್ಯಪ್ ತೆರೆಯಿರಿ. 2014ರಲ್ಲಿ ಬೆಂಗಳೂರಿನಲ್ಲೇ ಶುರುವಾದದ್ದು. ಅಲ್ಲಿನ ಪ್ರೇಮಕಥೆಗಳ ಧಾರಾವಾಹಿಗಳಲ್ಲಿ ಅಲ್ಪಪ್ರಾಣ ಮಹಾಪ್ರಾಣ ಎಲ್ಲಾ ಅದಲು ಬದಲು. ವಾಕ್ಯ ಶುರುವಾದ ಕಾಲ ಒಂದು, ಮುಗಿದ ಕಾಲ ಇನ್ನೊಂದು. ಆದರೂ ಕೆಳಗೆ “ಮುಂದಿನ ಭಾಗ ಬೇಗ ಹಾಕಿ ಪ್ಲೀಸ್” ಅಂತ ಸಾಲು ಸಾಲು ಬೇಡಿಕೆ. ನಮ್ಮ ಅಮ್ಮಂದಿರೂ ವಾರಪತ್ರಿಕೆಯ ಧಾರಾವಾಹಿಗೆ ಹೀಗೇ ಕಾಯುತ್ತಿದ್ದರು. ಆದರೆ ಪತ್ರಿಕೆಯಲ್ಲಿ ನಡುವೆ ಒಬ್ಬ ಸಂಪಾದಕ ಇರುತ್ತಿದ್ದ. ಇಲ್ಲಿ ಅವನಿಲ್ಲ. ಅದಕ್ಕೇ ತಪ್ಪೂ ಜಾಸ್ತಿ, ಓದುಗರ ನಾಡಿ ಸಿಗುವುದೂ ಜಾಸ್ತಿ.

ಸರಿ, ಫಿಫ್ಟಿ ಶೇಡ್ಸ್ ನಿಜವಾಗಲೂ ಅಷ್ಟು ಕೆಟ್ಟದಾಗಿದೆಯಾ? ವಾಕ್ಯದ ಮಟ್ಟಿಗೆ ಹೌದು, ಅನುಮಾನವೇ ಬೇಡ. ಸಲ್ಮಾನ್ ರಶ್ದಿ ಇದರ ಬಗ್ಗೆ ಕಠಿಣವಾಗಿಯೇ ಹೇಳಿದ್ದರು. ಇಷ್ಟು ಕೆಟ್ಟದಾಗಿ ಬರೆದದ್ದು ಅಚ್ಚಾಗಿದ್ದನ್ನು ತಾನು ಓದಿಲ್ಲ, ಇದರ ಪಕ್ಕ ಇಟ್ಟರೆ ಟ್ವೈಲೈಟ್ ಕೂಡ ಟಾಲ್‌ಸ್ಟಾಯ್ ಅವರ ‘ವಾರ್ ಅಂಡ್ ಪೀಸ್’ ಥರ ಕಾಣುತ್ತೆ ಅಂತ. ನಾಯಕಿ ತುಟಿ ಕಚ್ಚುತ್ತಾಳೆ. ಪುಟ ತಿರುಗಿಸಿದರೆ ಮತ್ತೆ ಕಚ್ಚುತ್ತಾಳೆ. ಅವಳ ಮನಸ್ಸಿನೊಳಗೆ ಒಬ್ಬ ದೇವಿ ಬೇರೆ ಇದ್ದಾಳೆ. ಖುಷಿಯಾದರೆ ಆ ದೇವಿ ಕುಣಿಯುತ್ತಾಳೆ, ಬೇಜಾರಾದರೆ ಮುನಿಸಿಕೊಂಡು ಕೂರುತ್ತಾಳೆ. ನನ್ನ ಕೈಗೆ ಸಿಕ್ಕಿದ್ದರೆ ಈ ದೇವಿಯನ್ನು ಮೊದಲ ಕೆಲವು ಪುಟಗಳಲ್ಲೇ ವಿಸರ್ಜನೆ ಮಾಡಿಬಿಡುತ್ತಿದ್ದೆ. ಅಮೆರಿಕದ ಕಾಲೇಜು ಹುಡುಗಿ ಆಗಾಗ ಲಂಡನ್ನಿನವಳ ಥರ ಮಾತಾಡುವುದನ್ನೂ ಬಹಳ ಜನ ಎತ್ತಿ ತೋರಿಸಿದ್ದಾರೆ.

ಆದರೆ ಕೆಂಪು ಪೆನ್ನು ಕೆಳಗಿಟ್ಟು ಸುಮ್ನೆ ಓದಿ ನೋಡಿ. ನಾಯಕ ಯಾರಿಗೂ ತನ್ನ ಎದೆ ಮುಟ್ಟಲು ಬಿಡುವುದಿಲ್ಲ. ಯಾಕೆ? ಲೇಖಕಿ ಹೇಳುವುದಿಲ್ಲ. ಸ್ವಲ್ಪ ಹೇಳಿ ನಿಲ್ಲಿಸುತ್ತಾರೆ. ಹಾಸಿಗೆಯಲ್ಲಿ ತನ್ನ ನಿಯಮಗಳಂತೆ ನಡೆಯಬೇಕು ಅನ್ನುವ ಒಪ್ಪಂದದ ಕಾಗದವನ್ನು ಅವಳ ಮುಂದಿಡುತ್ತಾನೆ. ಅವಳು ಸಹಿ ಹಾಕುತ್ತಾಳಾ? ಪುಟಗಟ್ಟಲೆ ಕಳೆದರೂ ಗೊತ್ತಾಗುವುದಿಲ್ಲ. ನಡುವೆ ಇಬ್ಬರೂ ಇಮೇಲಿನಲ್ಲಿ ಕಿಚಾಯಿಸಿಕೊಳ್ಳುತ್ತಾರೆ, ಅದು ನಿಜಕ್ಕೂ ನಗು ತರಿಸುತ್ತದೆ. ಮೊದಲ ಭಾಗ ಮುಗಿಯುವುದು ಅವಳು ಅವನನ್ನು ಬಿಟ್ಟು ಹೊರಟುಹೋಗುವಲ್ಲಿಗೆ. ಅಲ್ಲಿಗೆ ಬಂದ ಓದುಗರಲ್ಲಿ ಎಷ್ಟು ಜನ ಎರಡನೇ ಭಾಗ ಕೊಳ್ಳದೆ ಸುಮ್ಮನಿರುತ್ತಾರೆ ಹೇಳಿ? ಹಾಸಿಗೆಯಲ್ಲಿ ಏನಾಗುತ್ತೆ ಅನ್ನುವುದು ಬೇಗನೇ ಗೊತ್ತಾಗಿಬಿಡುತ್ತದೆ. ಈ ಮನುಷ್ಯನಿಗೆ ಏನಾಗಿತ್ತು, ಇವನು ಇವಳ ಎದುರು ಬಗ್ಗುತ್ತಾನಾ ಅನ್ನುವುದಕ್ಕೆ ಮಾತ್ರ ಮೂರು ಪುಸ್ತಕ ಕಾಯಬೇಕು. ನಮ್ಮ ಬಸ್ ಸ್ಟ್ಯಾಂಡ್ ಅಂಗಡಿಗಳಲ್ಲಿ ಹಿಂದಿನ ಸಾಲಿನಲ್ಲಿ ಅಡಗಿಸಿ ಮಾರುತ್ತಿದ್ದ ಪುಸ್ತಕಗಳಲ್ಲಿ ಹೀಗೆ ಕಾಯಿಸುವುದು ಇರಲಿಲ್ಲ. ಅವು ಗಂಡಸರಿಗೆ ಅಂತ ಬರೆದವು. ಅಲ್ಲಿ ಯಾರೂ ಯಾರಿಗೂ ಕಾಯುವುದಿಲ್ಲ.

ಹಾಗಂತ ಇದು ಹೊಸ ಆವಿಷ್ಕಾರ ಏನಲ್ಲ. 1908ರಲ್ಲಿ ಬ್ರಿಟನ್ನಿನಲ್ಲಿ ಶುರುವಾದ ಮಿಲ್ಸ್ ಅಂಡ್ ಬೂನ್ ಪ್ರಕಾಶನ ಎಷ್ಟೋ ದಶಕಗಳಿಂದ ಈ ಹಟಮಾರಿ ಶ್ರೀಮಂತ ನಾಯಕನನ್ನು ಮಾರುತ್ತಲೇ ಇದೆ. ಅಮೆರಿಕದ ಪ್ರಣಯ ಕಾದಂಬರಿಗಳಲ್ಲಿ ಕೋಣೆಯ ಬಾಗಿಲು 1970ರ ದಶಕದಲ್ಲೇ ತೆರೆದಿತ್ತು. ಅವನ್ನು ಓದುವವರ ಬಳಗ ದೊಡ್ಡದೇ. ಆದರೆ ಆ ಬಳಗದಿಂದ ಮಾತ್ರ 10 ಕೋಟಿ ಬರುವುದಿಲ್ಲ.

ಉತ್ತರದ ಇನ್ನರ್ಧ ಇಲ್ಲಿದೆ. ಒಂದು ಪುಸ್ತಕ ಇಷ್ಟು ಮಾರಾಟ ಆಗಬೇಕಾದರೆ ಕಾದಂಬರಿಯನ್ನೇ ಓದದವರು ಅದನ್ನು ಕೊಳ್ಳಬೇಕು. ನಮ್ಮಂಥವರು, ಅಂದರೆ ತಿಂಗಳಿಗೆ ನಾಲ್ಕು ಪುಸ್ತಕ ಓದುವವರು, ಎಷ್ಟು ಜನ ಇದ್ದೇವು? ವರ್ಷಕ್ಕೆ ಒಂದು ಓದುವವರೋ, ಕಾಲೇಜು ಬಿಟ್ಟ ಮೇಲೆ ಒಂದೂ ಓದದವರೋ ಅಂಗಡಿಗೆ ಬಂದಾಗಲೇ ಅಂಕಿ ಹೀಗೆ ಏರುವುದು. ಅವರಿಗೆ ವಾಕ್ಯ ಕೆಟ್ಟದಾಗಿದೆ ಅನ್ನಿಸಲು ಪಕ್ಕದಲ್ಲಿ ಇಟ್ಟು ನೋಡುವ ಇನ್ನೊಂದು ಪುಸ್ತಕ ಇಲ್ಲ. ನಮಗೆ ಕಿರಿಕಿರಿ ಆಗುವ ಆ ಪುನರಾವರ್ತನೆಯೇ ಅವರಿಗೆ ದಾರಿ ತೋರಿಸುತ್ತದೆ. ತುಟಿ ಕಚ್ಚಿದಳು ಅಂದರೆ ಏನು ಅರ್ಥ ಅಂತ ಎರಡನೇ ಸಲಕ್ಕೇ ಗೊತ್ತಾಗಿರುತ್ತದೆ, ಮತ್ತೆ ಯೋಚಿಸಬೇಕಿಲ್ಲ. ನನಗೆ ಪರಿಚಯದ ಇಬ್ಬರು ಹೆಣ್ಣುಮಕ್ಕಳು, ಕನ್ನಡ ಮಾಧ್ಯಮದಲ್ಲಿ ಓದಿ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದವರು, ಮೊದಲಿಂದ ಕೊನೆವರೆಗೆ ಓದಿದ ಮೊದಲ ಇಂಗ್ಲಿಷ್ ಕಾದಂಬರಿ ಇದೇ. ಡಿಕ್ಷನರಿ ಬೇಕಾಗಲಿಲ್ಲ ಅಂತ ಹೆಮ್ಮೆಯಿಂದ ಹೇಳಿದರು. ನಗಬೇಡಿ. ರಶ್ದಿಯವರ ಪುಸ್ತಕವನ್ನು ನಲವತ್ತನೇ ಪುಟಕ್ಕೇ ಬಿಟ್ಟ ಪಂಡಿತರು ನಮ್ಮಲ್ಲಿ ಬೇಕಾದಷ್ಟಿದ್ದಾರೆ.

ಓದದವರು ಅಂಗಡಿಗೆ ಬಂದದ್ದು ಹೇಗೆ? ಮೊದಲು ಇ-ಬುಕ್. ಇ-ಬುಕ್ ಓದುವ ಸಾಧನ ಕಿಂಡಲ್ ಬಂದು ನಾಲ್ಕು ವರ್ಷ ಆಗಿತ್ತು, ಕೈಯಲ್ಲಿರುವುದು ಏನು ಅಂತ ಪಕ್ಕದ ಸೀಟಿನವರಿಗೆ ಕಾಣುವುದಿಲ್ಲ. ಆಮೇಲೆ ಅಚ್ಚಾಗಿ ಬಂದಾಗ ರಕ್ಷಾಪುಟದಲ್ಲಿ ಅಂಗಿ ಬಿಚ್ಚಿದ ಗಂಡಸಿಲ್ಲ, ಬರೀ ಒಂದು ಬೂದು ಬಣ್ಣದ ಟೈ. ಆಫೀಸಿನ ಮೇಜಿನ ಮೇಲೂ ಇಡಬಹುದು. ಅಷ್ಟರಲ್ಲಿ ಪತ್ರಿಕೆಗಳು ಇದಕ್ಕೆ ಅಮ್ಮಂದಿರ ಪೋರ್ನ್ ಅಂತ ಹೆಸರಿಟ್ಟು ಬೈಯತೊಡಗಿದವು. ಬೈಗುಳದಿಂದ ನಷ್ಟ ಏನೂ ಆಗಲಿಲ್ಲ. 2012ರ ಮೇ ತಿಂಗಳಲ್ಲಿ ಫ್ಲಾರಿಡಾದ ಬ್ರೆವಾರ್ಡ್ ಕೌಂಟಿಯ ಗ್ರಂಥಾಲಯಗಳು ಇದನ್ನು ಕಪಾಟಿನಿಂದ ತೆಗೆದವು, ಗಲಾಟೆ ಆದ ಮೇಲೆ ವಾಪಸ್ ಇಟ್ಟವು. ಇದಕ್ಕಿಂತ ಒಳ್ಳೆಯ ಜಾಹೀರಾತು ಯಾರು ಕೊಡುತ್ತಾರೆ? ಅಲ್ಲಿಂದ ಮುಂದೆ ಪುಸ್ತಕ ಓದಲಿಕ್ಕೆ ಯಾರೂ ಕಾರಣ ಕೊಡಬೇಕಾಗಿರಲಿಲ್ಲ. “ಎಲ್ಲರೂ ಮಾತಾಡ್ತಿದಾರಲ್ಲ, ಏನಿದೆ ನೋಡೋಣ ಅಂತ ತಗೊಂಡೆ” ಅಂದರೆ ಮುಗಿಯಿತು. ಹೆಣ್ಣುಮಕ್ಕಳು ಇಂಥದ್ದನ್ನು ಬಹಿರಂಗವಾಗಿ ಕೊಳ್ಳಲು ಈ ನೆಪ ಬೇಕಿತ್ತು ಅಂತ ನನ್ನ ಅನಿಸಿಕೆ, ನಮ್ಮಲ್ಲಂತೂ ಖಂಡಿತ. 2015ರಲ್ಲಿ ಸಿನಿಮಾ ಬಂದಾಗ ನಮ್ಮ ಸೆನ್ಸಾರ್ ಮಂಡಳಿ ಸರ್ಟಿಫಿಕೇಟ್ ಕೊಡಲಿಲ್ಲ. ಪುಸ್ತಕ ಮಾತ್ರ ಅಂಗಡಿಗಳಲ್ಲಿ ಸಲೀಸಾಗಿ ಸಿಗುತ್ತಿತ್ತು.

ಪ್ರಕಾಶಕರಿಗೆ ಎಷ್ಟು ಲಾಭ ಬಂತೆಂದರೆ, 2012ರ ಕ್ರಿಸ್‌ಮಸ್‌ಗೆ ಅಮೆರಿಕದ ರ‍್ಯಾಂಡಮ್ ಹೌಸ್ ತನ್ನ ನೌಕರರಿಗೆಲ್ಲ ತಲಾ 5,000 ಡಾಲರ್ ಬೋನಸ್ ಕೊಟ್ಟಿತು. ಅದೇ ಸಂಸ್ಥೆ ಅಚ್ಚು ಹಾಕುವ ಗಂಭೀರ ಸಾಹಿತ್ಯದ ಸಂಪಾದಕರೂ ಇಸಕೊಂಡಿರಬೇಕು ಅಲ್ವಾ.

ಕೊಂಡವರೆಲ್ಲ ಇಟ್ಟುಕೊಂಡರು ಅಂತಲ್ಲ. ಬ್ರಿಟನ್ನಿನ ಸ್ವಾನ್ಸೀ ಊರಿನ ಆಕ್ಸ್‌ಫ್ಯಾಮ್ ಸೇವಾ ಸಂಸ್ಥೆಯ ಅಂಗಡಿಗೆ ಜನ ಹಳೇ ಪುಸ್ತಕ ದಾನ ಕೊಡುತ್ತಾರೆ. 2016ರಲ್ಲಿ ಅಲ್ಲಿಗೆ ಈ ಪುಸ್ತಕದ ಎಷ್ಟು ಪ್ರತಿ ಬಂದು ಬಿದ್ದವೆಂದರೆ, ಅಂಗಡಿಯವರು ಅವುಗಳಿಂದಲೇ ಒಂದು ಕೋಟೆ ಕಟ್ಟಿ, ದಯವಿಟ್ಟು ಇದನ್ನು ಇನ್ನು ಕೊಡಬೇಡಿ ಅಂತ ಕೇಳಿಕೊಂಡರು.

ಭಾಷೆಗಿಂತ ನನಗೆ ದೊಡ್ಡದಾಗಿ ಕಾಣುವ ತಕರಾರು ಬೇರೆ. ಆ ನಾಯಕ ಅವಳ ಫೋನಿನಿಂದ ಅವಳು ಎಲ್ಲಿದ್ದಾಳೆ ಅಂತ ಪತ್ತೆ ಹಚ್ಚುತ್ತಾನೆ. ಅವಳು ಕೆಲಸ ಮಾಡುವ ಕಂಪನಿಯನ್ನೇ ಕೊಂಡುಬಿಡುತ್ತಾನೆ. ಇದನ್ನೆಲ್ಲ ಪ್ರೀತಿ ಅಂತ ತೋರಿಸಿದ್ದನ್ನು ಮಹಿಳಾ ಸಂಘಟನೆಗಳು ಪ್ರಶ್ನಿಸಿದವು, ಸರಿಯಾಗಿಯೇ ಪ್ರಶ್ನಿಸಿದವು. ಆದರೆ ನನ್ನನ್ನು ಕೇಳುವ ಲೇಖಕರಲ್ಲಿ ಒಬ್ಬರೂ ಈ ಮಾತು ಎತ್ತಿಲ್ಲ. ಅವರ ಸಿಟ್ಟೆಲ್ಲ ವಾಕ್ಯಗಳ ಮೇಲೆ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಕೊನೆಯ ಪ್ರಶ್ನೆ ಬಂದೇ ಬರುತ್ತದೆ. “ಹಾಗಾದ್ರೆ ನಾನೂ ಒಂದು ಕೆಟ್ಟದಾಗಿ ಬರೆದು ನೋಡ್ಲಾ ಮೇಡಂ?”

ಇದನ್ನು ಮಾಡಿ ನೋಡಿದವರಿದ್ದಾರೆ. ಅಮೆರಿಕದ ನ್ಯೂಸ್‌ಡೇ ಪತ್ರಿಕೆಯ ಅಂಕಣಕಾರ ಮೈಕ್ ಮೆಗ್ರೇಡಿ 1960ರ ದಶಕದಲ್ಲಿ ಸಹೋದ್ಯೋಗಿಗಳನ್ನು ಸೇರಿಸಿಕೊಂಡು ಬೇಕಂತಲೇ ಒಂದು ಹೊಲಸು ಕಾದಂಬರಿ ಬರೆಸಿದರು. ತಲಾ ಒಂದು ಅಧ್ಯಾಯ. ಸೆಕ್ಸ್ ಧಾರಾಳವಾಗಿರಬೇಕು, ಚೆನ್ನಾಗಿ ಬರೆದದ್ದು ಕಂಡರೆ ಹೊಡೆದು ಹಾಕಲಾಗುತ್ತದೆ ಅನ್ನುವುದು ಕರಾರು. ಕೆಲವರು ಅಭ್ಯಾಸಬಲದಿಂದ ಚೆನ್ನಾಗಿ ಬರೆದುಬಿಟ್ಟು, ಅದನ್ನು ತಿದ್ದಿ ಕೆಡಿಸಬೇಕಾಯಿತಂತೆ. (ಈ ಕೆಲಸಕ್ಕೆ ಎಷ್ಟು ಸಂಬಳ ಕೇಳಬೇಕು ಅಂತ ನಾನು ಯೋಚಿಸುತ್ತಿದ್ದೇನೆ.) 1969ರಲ್ಲಿ ‘ನೇಕೆಡ್ ಕೇಮ್ ದ ಸ್ಟ್ರೇಂಜರ್’ ಅನ್ನುವ ಹೆಸರಿನಲ್ಲಿ ಬಂತು. ಲೇಖಕಿ ಪೆನೆಲೋಪ್ ಆಶ್. ಅಂಥವಳು ಇರಲೇ ಇಲ್ಲ, ಮೆಗ್ರೇಡಿಯ ನಾದಿನಿ ಆ ಪಾತ್ರ ಮಾಡಿದ್ದರು. ಪುಸ್ತಕ ಸುಮಾರು ಇಪ್ಪತ್ತು ಸಾವಿರ ಪ್ರತಿ ಹೋದಾಗ ಬರೆದವರೇ ಗುಟ್ಟು ರಟ್ಟು ಮಾಡಿದರು. ಸುದ್ದಿ ಎಲ್ಲಾ ಕಡೆ ಹಬ್ಬಿದ ಮೇಲೆ ಅದು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಬೆಸ್ಟ್‌ಸೆಲ್ಲರ್ ಪಟ್ಟಿಗೂ ಏರಿತು. ಓದುಗರು ಮೂರ್ಖರು ಅನ್ನಲು ಈ ಕಥೆಯನ್ನು ಎಲ್ಲರೂ ಹೇಳುತ್ತಾರೆ. ನನಗೆ ಕಾಣುವುದು ಬೇರೆ. ಸೆಕ್ಸು, ಕೆಟ್ಟ ಬರಹ ಎರಡೂ ಮೊದಲ ದಿನದಿಂದಲೇ ಪುಸ್ತಕದಲ್ಲಿದ್ದವು. ದೊಡ್ಡ ಮಾರಾಟ ಬಂದದ್ದು ಮಜವಾದ ಸುದ್ದಿ ಆದ ಮೇಲೆ.

ಜೇಮ್ಸ್ ಅವರ ವಿಷಯವೂ ನೋಡಿ. 2015ರಲ್ಲಿ ಅದೇ ಕಥೆಯನ್ನು ನಾಯಕನ ಬಾಯಲ್ಲಿ ಹೇಳಿಸಿ ‘ಗ್ರೇ’ ತಂದರು. ಅಮೆರಿಕದಲ್ಲಿ ನಾಲ್ಕೇ ದಿನಕ್ಕೆ ಹತ್ತು ಲಕ್ಷ ಪ್ರತಿ ದಾಟಿತು. 2019ರಲ್ಲಿ ಹೊಸ ಪಾತ್ರಗಳು, ಹೊಸ ಕಥೆ ಇಟ್ಟು ‘ದ ಮಿಸ್ಟರ್’ ಬರೆದರು. ಮಾರಾಟವೇನೋ ಆಯಿತು. ಆದರೆ ಆ ಪ್ರವಾಹ ಮತ್ತೆ ಬರಲಿಲ್ಲ. ವಿಮರ್ಶಕರ ಪ್ರಕಾರ ವಾಕ್ಯಗಳೇನೂ ಸುಧಾರಿಸಿರಲಿಲ್ಲ. ಹಾಗಾಗಿ ಕೆಟ್ಟದಾಗಿ ಬರೆಯೋಣ ಅನ್ನುವವರಿಗೆ ನಾನು ಹೇಳುವುದಿಷ್ಟೇ. ಅದರ ಬದಲು ಒಂದು ಅಧ್ಯಾಯ ಬರೆದು, ನಿಮ್ಮ ಪರಿಚಯ ಇಲ್ಲದ ಹತ್ತು ಜನರಿಗೆ ಕಳಿಸಿ. ಎರಡನೇ ಅಧ್ಯಾಯ ಎಲ್ಲಿ ಅಂತ ಎಷ್ಟು ಜನ ಕೇಳುತ್ತಾರೆ ನೋಡಿ. ಕೇಳಿದರೆ ಬನ್ನಿ, ವಾಕ್ಯ ನಾನು ತಿದ್ದಿಕೊಡುತ್ತೇನೆ.