ಆನೆ ಕಾಸಿಗೆ ಹುಣಸೆಹಣ್ಣು ಬೇಡ

ಶ್ರೀರಂಗಪಟ್ಟಣದ ಹತ್ತಿರ ಮಾವನ ತೋಟದಲ್ಲಿ ತೆಂಗಿನ ಸಸಿಗೆ ಗುಂಡಿ ತೋಡುವಾಗ ಮಣ್ಣಿನ ಹೆಂಟೆಯೊಳಗೆ ಒಂದು ತಾಮ್ರದ ಕಾಸು ಸಿಕ್ಕಿತು. ಮಣ್ಣು, ಹಸಿರು ಕಿಲುಬು ಎಲ್ಲಾ ಮೆತ್ತಿಕೊಂಡು ಏನೂ ಕಾಣ್ತಿರಲಿಲ್ಲ. "ಹುಣಸೆಹಣ್ಣು, ಉಪ್ಪು ಹಾಕಿ ತಿಕ್ಕು ಮಗ, ಫಳಫಳ ಅನ್ನುತ್ತೆ" ಅಂದರು ಅತ್ತೆ. ದೇವರ ಚೊಂಬಿಗಾದರೆ ಅದೇ ಸರಿ. "ಇದಕ್ಕೆ ಬೇಡ ಅತ್ತೆ" ಅಂತ ಕಾಸನ್ನು ಇಸ್ಕೊಂಡೆ.

ಇನ್ನೂರು ವರ್ಷ ನೆಲದಲ್ಲಿದ್ದ ತಾಮ್ರದ ಮೇಲ್ಮೈ ತಾಮ್ರವಾಗೇ ಉಳಿದಿರಲ್ಲ, ಕಿಲುಬಾಗಿ ಬದಲಾಗಿರುತ್ತದೆ, ಅಕ್ಷರ ಮತ್ತು ಚಿತ್ರದ ಸಣ್ಣ ಗೆರೆಗಳು ಎಷ್ಟೋ ಸಲ ಆ ಪದರದಲ್ಲೇ ಇರುತ್ತವೆ. ಹುಳಿ ಹಾಕಿದರೆ ಪದರ ಕರಗುತ್ತದೆ, ಚಿತ್ರವೂ ಹೋಗುತ್ತದೆ. ಉಳಿಯೋದು ಗುಳಿಬಿದ್ದ ಕೆಂಪು ಬಿಲ್ಲೆ. ಪೀತಾಂಬರಿ, ನಿಂಬೆಹಣ್ಣು, ವಿನೆಗರ್, ಎಲ್ಲದರದ್ದೂ ಇದೇ ಕಥೆ.

ಗಾಜಿನ ಬಟ್ಟಲಲ್ಲಿ ಡಿಸ್ಟಿಲ್ಡ್ ವಾಟರ್ ಹಾಕಿ ನೆನೆಸಿದೆ. ಬೋರ್‌ವೆಲ್ ನೀರಲ್ಲಿ ಲವಣ ಜಾಸ್ತಿ, ಅದು ಬೇಡ. ನೀರು ಕದಡಿದಾಗೆಲ್ಲ ಬದಲಾಯಿಸಿದೆ, ಮೆತ್ತಗಾದ ಮಣ್ಣನ್ನು ಬಿದಿರು ಕಡ್ಡಿಯ ಮೊನೆಯಿಂದ ಲೆನ್ಸ್ ಹಿಡಿದು ನಿಧಾನಕ್ಕೆ ಬಿಡಿಸಿದೆ. ಮೊದಲು ಕಂಡಿದ್ದು ಒಂದು ಕಾಲು. ಆಮೇಲೆ ಬೆನ್ನು, ಸೊಂಡಿಲು. ಟಿಪ್ಪು ಕಾಲದ ಆನೆ! ಪೈಸೆಗೆ ಅವನು ಜೋಹ್ರಾ ಅಂತ ಹೆಸರಿಟ್ಟಿದ್ದ, ಅಂದರೆ ಶುಕ್ರ ಗ್ರಹ. ಹಿಂಬದಿಯಲ್ಲಿ ಪರ್ಷಿಯನ್ ಅಕ್ಷರ. ಶ್ರೀರಂಗಪಟ್ಟಣದಲ್ಲಿ ಟಂಕಿಸಿದ್ದಕ್ಕೆ 'ಪಟನ್' ಅಂತ ಇರುತ್ತದೆ, ಇದರಲ್ಲಿ ಆ ಜಾಗ ಪೂರ್ತಿ ಸವೆದಿದೆ. ಆನೆಯ ಹೊಟ್ಟೆ ಹತ್ತಿರ ಗಟ್ಟಿ ಹಸಿರು ಹಾಗೇ ಇದೆ, ಅದನ್ನು ಮುಟ್ಟಲಿಲ್ಲ.

ಭಯ ಹುಟ್ಟಿಸಿದ್ದು ಅಂಚಿನ ಒಂದು ಚುಕ್ಕೆ. ತಿಳಿ ಹಸಿರು, ಕಡ್ಡಿ ತಾಗಿಸಿದರೆ ಪುಡಿಪುಡಿ. ಒಳ್ಳೆ ಕಿಲುಬು ಗಟ್ಟಿಯಾಗಿರುತ್ತದೆ, ಉದುರಲ್ಲ. ಈ ಪುಡಿ ಉಪ್ಪಿನಲ್ಲಿರೋ ಕ್ಲೋರೈಡ್ ಅಂಶದ ಕೆಲಸ, ಗಾಳಿಯ ತೇವ ಸಿಕ್ಕರೆ ಸಾಕು, ಒಳಗೊಳಗೇ ತಾಮ್ರ ತಿನ್ನುತ್ತಾ ಹೋಗುತ್ತದೆ. ಸರಿಯಾದ ಚಿಕಿತ್ಸೆ ಮ್ಯೂಸಿಯಂ ವಸ್ತು ಸಂರಕ್ಷಣೆ ಕಲಿತವರ ಕೈಲಿ ಆಗಬೇಕು. ಅಲ್ಲಿತನಕ ಚೆನ್ನಾಗಿ ಒಣಗಿಸಿ, ತೇವ ಹೀರೋ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಗಾಳಿಯಾಡದ ಡಬ್ಬಿಯಲ್ಲಿ ಇಟ್ಟಿದ್ದೇವೆ. ಮೆತ್ತನೆಯ ಪಿವಿಸಿ ಕವರ್‌ನಲ್ಲಿ ಯಾರೂ ಇಡಬೇಡಿ, ಅದು ಬಿಡೋ ಆಮ್ಲಕ್ಕೆ ತಾಮ್ರ ಮತ್ತೆ ಹಸಿರಾಗುತ್ತದೆ.

ನೆಲದಲ್ಲಿ ಹೂತ ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕು ಅಂತ ನಮ್ಮಲ್ಲಿ 1962ರ ಕಾನೂನೇ ಇದೆ. ಒಂದೇ ಕಾಸಾದರೂ ಹೇಳಿಬಿಡೋದೇ ಒಳ್ಳೇದು ಅಂತ ಮಾವ ಅರ್ಜಿ ಬರೆದಿದ್ದಾರೆ, ಗುಂಡಿ ಯಾವ ಬದು ಪಕ್ಕ, ಎಷ್ಟು ಆಳ ಅಂತೆಲ್ಲ ಸೇರಿಸಿ. ಜೊತೆಗೆ ಮಣ್ಣು ಬಿಡಿಸೋ ಮುಂಚೆ ತೆಗೆದ ಫೋಟೋನೂ ಇಟ್ಟಿದ್ದಾರೆ.