ಎಲೆಕ್ಟ್ರಿಕ್ ಕ್ಯಾಂಪರ್‌ವ್ಯಾನಿನ ಯೂನಿಟ್ ಲೆಕ್ಕ

ಒಳಗೇ ಅಡುಗೆ, ಮಲಗುವ ವ್ಯವಸ್ಥೆ ಇರುವ ಎಲೆಕ್ಟ್ರಿಕ್ ಕ್ಯಾಂಪರ್‌ವ್ಯಾನ್ ಅಂದಕೂಡಲೇ ಬರುವ ಪ್ರಶ್ನೆ: ಫ್ರಿಜ್ಜು, ಒಲೆ, ಏಸಿ ಎಲ್ಲ ಹಾಕಿದರೆ ಬ್ಯಾಟರಿ ಉಳಿಯುತ್ತದಾ? ಲೆಕ್ಕ ಹಾಕೋಣ. ಕಂಪ್ರೆಸರ್ ಫ್ರಿಜ್ಜಿಗೆ ದಿನಕ್ಕೆ ಅರ್ಧ ಯೂನಿಟ್. ಇಂಡಕ್ಷನ್ ಒಲೆಯ ಮೇಲೆ ಇಬ್ಬರಿಗೆ ಎರಡು ಹೊತ್ತಿನ ಅಡುಗೆಗೆ ಒಂದೂವರೆ. ಸ್ನಾನದ ಹತ್ತು ಲೀಟರ್ ನೀರನ್ನು 20 ಡಿಗ್ರಿಯಿಂದ 50ಕ್ಕೆ ಕಾಯಿಸಲು 0.35. ದೀಪ, ಪಂಪು, ಲ್ಯಾಪ್‌ಟಾಪಿಗೆ ಕಾಲು. ರಾತ್ರಿಯಿಡೀ ಚಿಕ್ಕ ಏಸಿ ಓಡಿದರೆ ನಾಲ್ಕು. ಎಲ್ಲ ಸೇರಿ ಆರೂವರೆ ಚಿಲ್ಲರೆ. ವ್ಯಾನ್ ಹೆದ್ದಾರಿಯಲ್ಲಿ ಇಪ್ಪತ್ತು ಕಿ.ಮೀ. ಓಡಿದರೆ ಅಷ್ಟು ಖರ್ಚಾಗಿಬಿಡುತ್ತದೆ.

ಬ್ಯಾಟರಿ ತಿನ್ನುವುದು ಗಾಳಿ. ನಿಂತು ಓಡಾಡುವಷ್ಟು ಎತ್ತರದ, ಮೂರೂವರೆ ಟನ್ನಿನ ವ್ಯಾನಿನ ಮುಖದ ವಿಸ್ತೀರ್ಣ ಹತ್ತಿರ ಹತ್ತಿರ ಐದು ಚದರ ಮೀಟರ್. ಅದು 100 ಕಿ.ಮೀ. ಹೋಗಲು ಗಂಟೆಗೆ 70ರ ವೇಗದಲ್ಲಿ ಸುಮಾರು 25 ಯೂನಿಟ್, 90ರಲ್ಲಿ 35, 110ರಲ್ಲಿ 46 ಬೇಕು. ಅಮೆರಿಕದ ವಿನ್ನೆಬಾಗೊ ಕಂಪನಿ ಫೋರ್ಡ್ ಇ-ಟ್ರಾನ್ಸಿಟ್ ಮೇಲೆ ಕಟ್ಟಿ 2023ರಲ್ಲಿ ತೋರಿಸಿದ ಇಆರ್‌ವಿ2 ಮಾದರಿಗೆ 68 ಯೂನಿಟ್ ಬ್ಯಾಟರಿ, ಘೋಷಿಸಿದ ರೇಂಜ್ 108 ಮೈಲಿ, ಅಂದರೆ ಸುಮಾರು 174 ಕಿ.ಮೀ. ದಾರಿಯಲ್ಲಿ 10ರಿಂದ 80 ಪರ್ಸೆಂಟ್ ನಡುವೆ ಮಾತ್ರ ಚಾರ್ಜ್ ಮಾಡುತ್ತಾ ಹೋದರೆ 120 ಕಿ.ಮೀ.ಗೊಮ್ಮೆ ನಿಲ್ಲಬೇಕು.

ಹಾಗಾಗಿ ಮುಂದಿನ ಕೆಲವು ವರ್ಷ ಗೆಲ್ಲುವುದು ಕುಳ್ಳ ವ್ಯಾನುಗಳೇ ಎಂಬುದು ನನ್ನ ಖಚಿತ ಅಭಿಪ್ರಾಯ. ಫೋಕ್ಸ್‌ವ್ಯಾಗನ್ ಐಡಿ ಬಝ್, ಕಿಯಾ ಪಿವಿ5 ಅಳತೆಯ ಗಾಡಿಗೆ ಮೇಲೆತ್ತುವ ಚಾವಣಿ ಕೂಡಿಸಿದರೆ ಓಡುವಾಗ ತಗ್ಗು, ನಿಂತಾಗ ಎತ್ತರ. ಬಸ್ಸಿನಷ್ಟು ದೊಡ್ಡ ಮೋಟರ್‌ಹೋಮಿಗೆ ಚಾರ್ಜ್ ತುಂಬುವ ಸಣ್ಣ ಎಂಜಿನ್ ಜೊತೆಗಿರಬೇಕು. ಥಾರ್ ಮತ್ತು ಹಾರ್ಬಿಂಜರ್ ಕಂಪನಿಗಳು 2024ರಲ್ಲಿ ತೋರಿಸಿದ್ದು ಇಂಥದ್ದನ್ನೇ.

ತೂಕದ ವಿಷಯ. ಯುರೋಪಿನಲ್ಲಿ ಸಾಮಾನ್ಯ ಕಾರ್ ಲೈಸೆನ್ಸಿಗೆ 3.5 ಟನ್ ಮಿತಿ. 68 ಯೂನಿಟ್ ಬ್ಯಾಟರಿಯೇ ನಾನೂರೈವತ್ತು ಕಿಲೋ ಆಸುಪಾಸು ತೂಗುವಾಗ ಮಂಚ, ಕಪಾಟು, ನೂರು ಲೀಟರ್ ನೀರಿಗೆ ಜಾಗವೇ ಉಳಿಯುವುದಿಲ್ಲ. ಬ್ರಿಟನ್ 2025ರ ಜೂನ್‌ನಲ್ಲಿ ಬ್ಯಾಟರಿ ವಾಹನಗಳಿಗೆ ಇದನ್ನು 4.25 ಟನ್‌ಗೆ ಏರಿಸಿತು. ನಮ್ಮಲ್ಲಿ ಎಲ್‌ಎಂವಿ (ಲಘು ವಾಹನದ) ಲೈಸೆನ್ಸ್ 7,500 ಕಿಲೋವರೆಗೆ ನಡೆಯುತ್ತದೆ, ಆ ತಲೆನೋವಿಲ್ಲ. ಕ್ಯಾರವಾನ್‌ಗಳಿಗೆಂದೇ ಇರುವ ಎಐಎಸ್-124 ಮಾನದಂಡವನ್ನು ಮಾತ್ರ ಡಿಸೈನ್ ಹಂತದಲ್ಲೇ ಓದಿಕೊಳ್ಳಿ.

ಕಟ್ಟುವವರು ಎಡವುವುದು ನೆಲದಲ್ಲಿ. ಡೀಸೆಲ್ ವ್ಯಾನಿಗೆ ಮಾಡಿದ ಹಾಗೆ ಫ್ಲೋರಿಗೆ ಡ್ರಿಲ್ ಹಾಕಿ ಬೋಲ್ಟ್ ಬಿಗಿಯುವಂತಿಲ್ಲ. ಕೆಳಗೇ ಬ್ಯಾಟರಿ ಪ್ಯಾಕ್, ಕಿತ್ತಳೆ ಬಣ್ಣದ ಹೈವೋಲ್ಟೇಜ್ ಕೇಬಲ್ ಇರುತ್ತವೆ. ಕಂಪನಿ ಕೊಟ್ಟ ಆಂಕರ್ ಪಾಯಿಂಟುಗಳಿಗೇ ಹಳಿ ಕೂರಿಸಿ, ಅದರ ಮೇಲೆ ಪೀಠೋಪಕರಣ ನಿಲ್ಲಿಸಬೇಕು. ಬಚ್ಚಲು ನೀರಿನ ಟ್ಯಾಂಕನ್ನು ಅಡಿಯಲ್ಲಿ ತೂಗುಹಾಕಲೂ ಜಾಗವಿರದು, ಒಳಗೇ ಇಡಬೇಕು.

ಇನ್ನೊಂದು, 12 ವೋಲ್ಟ್ ಕಡೆ. ಗಾಡಿ ಆಫ್ ಮಾಡಿದ ಸ್ವಲ್ಪ ಹೊತ್ತಿಗೆ ದೊಡ್ಡ ಬ್ಯಾಟರಿಯಿಂದ 12 ವೋಲ್ಟ್ ಕೊಡುವ ಕನ್ವರ್ಟರ್ ಮಲಗಿಬಿಡುತ್ತದೆ. ಫ್ರಿಜ್ಜನ್ನು ಗಾಡಿಯ ಚಿಕ್ಕ ಬ್ಯಾಟರಿಗೆ ಜೋಡಿಸಿದ್ದರೆ ಅದು ಖಾಲಿಯಾಗಿ ಬೆಳಗ್ಗೆ ಗಾಡಿಯ ಬಾಗಿಲೇ ತೆರೆಯದಿರಬಹುದು. ಆದ್ದರಿಂದ ಮನೆ ಭಾಗಕ್ಕೆ ಬೇರೆಯೇ 200 ಆಂಪಿಯರ್ ಅವರ್ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಇಡಿ. ಅದರಲ್ಲಿ ಎರಡೂವರೆ ಯೂನಿಟ್ ಹಿಡಿಯುತ್ತದೆ. ಗಾಡಿಯಿಂದ ಇದಕ್ಕೆ ತುಂಬಿಸುವ 30 ಆಂಪಿಯರ್ ಚಾರ್ಜರ್ ಹಾಕಿದರೆ ಮೂರು ಗಂಟೆ ಓಡಿಸುವಷ್ಟರಲ್ಲಿ 1.2 ಯೂನಿಟ್ ತುಂಬುತ್ತದೆ. ಚಾವಣಿಯ 400 ವ್ಯಾಟ್ ಸೋಲಾರ್ ಬಿಸಿಲಿನ ದಿನ ಇನ್ನಷ್ಟೇ ಕೊಡುತ್ತದೆ: ಫ್ರಿಜ್ಜು, ದೀಪಕ್ಕೆ ಧಾರಾಳ, ಗಾಡಿ ಓಡಿಸಲು ಮೂರ್ನಾಲ್ಕು ಕಿ.ಮೀ. ಅಷ್ಟೇ. ಒಲೆ, ಏಸಿಗೆ ಓಡುವ ಬ್ಯಾಟರಿಯಿಂದಲೇ 230 ವೋಲ್ಟ್ ಕೊಡುವ ವಿ2ಎಲ್ ಇರುವ ವ್ಯಾನನ್ನೇ ಆರಿಸಿ.

ರಾತ್ರಿ ತಂಗುವ ಕಡೆ 16 ಆಂಪಿಯರ್ ಸಾಕೆಟ್ ಸಿಕ್ಕರೂ ಚಾರ್ಜರನ್ನು 10ಕ್ಕೆ ಇಳಿಸಿ. ಹನ್ನೆರಡು ಗಂಟೆಯಲ್ಲಿ 24 ಯೂನಿಟ್ ಆಸುಪಾಸು ತುಂಬುತ್ತದೆ, ಸುಮಾರು 70 ಕಿ.ಮೀ. ಎಕ್ಸ್‌ಟೆನ್ಷನ್ ವಯರನ್ನು ಸುರುಳಿಯಲ್ಲೇ ಬಿಟ್ಟರೆ ಕಾದು ಕರಗುತ್ತದೆ, ಪೂರ್ತಿ ಬಿಚ್ಚಿ ಹಾಸಿ. ಮಲೆನಾಡಿನ ಹೋಂಸ್ಟೇಗಳಲ್ಲಿ ಚಾರ್ಜರ್ ಕೆಂಪು ದೀಪ ತೋರಿಸಿ ನಿಂತರೆ ಮೊದಲು ಅರ್ಥಿಂಗ್ ನೋಡಿಸಿ. ಅರ್ಥಿಂಗ್ ತಪ್ಪಿಸುವ ಅಡಾಪ್ಟರ್ ದಯವಿಟ್ಟು ಬಳಸಬೇಡಿ. ಗಾಡಿಯ ಮೈ ಮುಟ್ಟಿದವರಿಗೆ ಶಾಕ್ ಹೊಡೆಯಬಹುದು.

ಘಾಟಿಯದ್ದೂ ಲೆಕ್ಕವಿದೆ. ಸೋಮೇಶ್ವರದಿಂದ ಆಗುಂಬೆಗೆ ಸುಮಾರು 550 ಮೀಟರ್ ಏರಲು ಮೂರೂವರೆ ಟನ್ನಿನ ಗಾಡಿಗೆ ಆರು ಯೂನಿಟ್ ಹೆಚ್ಚುವರಿ ಬೇಕು, ಇಳಿಯುವಾಗ ಸುಮಾರು ಮೂರು ವಾಪಸ್ ಬರುತ್ತದೆ. ಮೇಲೆ ತಂಗಿದ್ದಾಗ ನೂರು ಪರ್ಸೆಂಟ್ ತುಂಬಿಸಬೇಡಿ. ಬ್ಯಾಟರಿಯಲ್ಲಿ ಜಾಗವಿಲ್ಲದಿದ್ದರೆ ಮೋಟರ್ ಗಾಡಿಯನ್ನು ತಡೆಹಿಡಿಯುವುದಿಲ್ಲ, ಇಳಿಜಾರಿನ ಭಾರವೆಲ್ಲ ಬ್ರೇಕ್ ಪ್ಯಾಡ್ ಮೇಲೇ ಬೀಳುತ್ತದೆ. 85ಕ್ಕೆ ನಿಲ್ಲಿಸಿ.